ಪ್ರಶ್ನೋತ್ತರ: ಲಾ ಕಾಲೇಜು ತೆರೆದಾಯ್ತು, ಸೆಮಿಸ್ಟರ್ ಲೆಕ್ಕ ಹೇಗೆ?

ಅಡ್ಮಿನ್: 2021ರ ಜುಲೈ 26ರಿಂದ ಪದವಿ ಕಾಲೇಜುಗಳು ತೆರೆದಿವೆ. ಕೊರೊನಾ ಎರಡನೇ ಅಲೆಯಲ್ಲಿ ಪಾಠ, ಪರೀಕ್ಷೆ ಎಲ್ಲ ಹಿಂದೆ ಬಿದ್ದಿವೆ. ಕಾನೂನು ಕಾಲೇಜಿನಲ್ಲಿ ಬಹಳ ವರ್ಷ ವೇಳಾಪಟ್ಟಿ ಮಾಡಿದ ನಮ್ಮ ಮೇಷ್ಟ್ರು ಇವತ್ತಿನಿಂದ ಈ ಗುಂಪಿನಲ್ಲಿ ಉತ್ತರಿಸುತ್ತಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಿ.

ಸೆಕ್ಷನ್ ಬಿ: ನಮ್ಮದು ಐದು ವರ್ಷದ ಕೋರ್ಸ್. ಸೆಮಿಸ್ಟರನ್ನು 11 ವಾರದಲ್ಲಿ ಮುಗಿಸುತ್ತೇವೆ ಅಂತಿದ್ದಾರೆ. ಆಗುತ್ತಾ ಸರ್?

ಮೇಷ್ಟ್ರು: ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲಿನ 2008ರ ನಿಯಮದಲ್ಲಿ ಐದು ವರ್ಷದ ಕೋರ್ಸಿನ ಒಂದು ಸೆಮಿಸ್ಟರಿಗೆ ಕನಿಷ್ಠ 18 ವಾರ, ವಾರಕ್ಕೆ 30 ಗಂಟೆ. ಒಟ್ಟು 540. ಅದನ್ನು 11 ವಾರಕ್ಕೆ ತುರುಕಿದರೆ ವಾರಕ್ಕೆ 49 ಗಂಟೆ. ದಿನಕ್ಕೆ ಎಂಟು ಗಂಟೆ ಕೂತ ಮಕ್ಕಳಿಗೆ ಸಾಕ್ಷ್ಯ ಕಾಯ್ದೆ ತಲೆಗೆ ಹೋಗುತ್ತಾ? ರಜೆ ಕಡಿಮೆ ಮಾಡಲಿ, ಶನಿವಾರ ಪೂರ್ತಿ ನಡೆಸಲಿ. ಆನ್‌ಲೈನ್ ಪಾಠವನ್ನು ಎಷ್ಟು ಗಂಟೆ ಅಂತ ಹಿಡಿದಿದ್ದಾರೆ, ಮೊದಲು ಅದನ್ನು ಕೇಳಿ.

ಸಂಜೆ ಬಸ್ಸು: ನಾನು ಕೆಲಸದಲ್ಲಿದ್ದೇನೆ. ಉಳಿದ ಪಾಠ ರಾತ್ರಿ 9ರ ತನಕ ಇಡಬಹುದಲ್ವಾ?

ಮೇಷ್ಟ್ರು: ಇಲ್ಲ. ವಸತಿ ಕಾಲೇಜು ಅಲ್ಲದಿದ್ದರೆ ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ.

ಹಾಸನದ ಅಮ್ಮ: ಮಗಳು ಹಾಸ್ಟೆಲಿನಲ್ಲಿ ಒಂದು ದಿನವೂ ಇರಲಿಲ್ಲ. ಪೂರ್ತಿ ಫೀಸು ತಗೊಂಡಿದ್ದಾರೆ. ವಾಪಸ್ ಬರುತ್ತಾ?

ಕಪ್ಪು ಕೋಟು: ಬಂದ ಸುದ್ದಿ ಹಾಕುತ್ತಿದ್ದೇನೆ. "ಕಾನೂನು ವಿದ್ಯಾರ್ಥಿಗಳೆಲ್ಲ ಪರೀಕ್ಷೆ ಇಲ್ಲದೆ ಪಾಸ್. ಕೋರ್ಟ್ ಆದೇಶ. ಎಲ್ಲರಿಗೂ ಕಳಿಸಿ."

ಮೇಷ್ಟ್ರು: ದಯವಿಟ್ಟು ಕಳಿಸಬೇಡಿ. ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿದ್ದು 2020ರಿಂದ ಬಾಕಿ ಇದ್ದ, ನಡುವಿನ (ಕೊನೆಯ ವರ್ಷದ್ದಲ್ಲದ) ಸೆಮಿಸ್ಟರುಗಳಿಗೆ ಪರೀಕ್ಷೆ ಬೇಕೆಂಬ ಸುತ್ತೋಲೆಗಳನ್ನು ಮಾತ್ರ. ಆಮೇಲೆ ಜೂನ್ 10ರಂದು ಬಾರ್ ಕೌನ್ಸಿಲ್ ಸ್ಪಷ್ಟವಾಗಿ ಹೇಳಿದೆ: ಎಲ್ಲ ವರ್ಷದವರಿಗೂ ಪರೀಕ್ಷೆ ಬೇಕು, ಆನ್‌ಲೈನೋ ಆಫ್‌ಲೈನೋ ವಿಶ್ವವಿದ್ಯಾಲಯವೇ ತೀರ್ಮಾನಿಸಲಿ. ಇಂಥ ಸುದ್ದಿ ನಂಬಿ ಪುಸ್ತಕ ಮುಚ್ಚಿಟ್ಟ ಹುಡುಗರು ನನ್ನ ಮುಂದೆ ಕೂತು ಅತ್ತಿದ್ದಾರೆ.

ಮಳೆಹುಡುಗಿ: ಸರ್, ನಮ್ಮೂರು ಹೊಸನಗರದ ಕಡೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ನೇರಳೆ ಮರದ ಕೆಳಗೆ ಕೂರುತ್ತಿದ್ದೆ. ಜೂನ್ ಮಳೆಯಲ್ಲಿ ಒಂದು ಕೈಲಿ ಛತ್ರಿ, ಇನ್ನೊಂದು ಕೈಲಿ ಫೋನು. ಮಧ್ಯೆ ಲೈನ್ ಕಟ್ಟಾದರೆ ಆ ತರಗತಿಗೆ ಗೈರು. ಆಸ್ತಿ ಕಾನೂನಿನಲ್ಲಿ 60 ತರಗತಿಗೆ 35 ಬಂದಿದೆ. ಪರೀಕ್ಷೆಗೆ ಬಿಡಲ್ಲ ಅಂತಿದ್ದಾರೆ.

ಮೇಷ್ಟ್ರು: ನಿಧಾನವಾಗಿ ಓದಿ. 60ಕ್ಕೆ 35 ಅಂದರೆ ಶೇ. 58. ಬೇಕಾದ್ದು ಶೇ. 70. ಆದರೆ ನಿಯಮ ಹೇಳುವುದು 'ನಡೆದ ತರಗತಿ'ಗಳಲ್ಲಿ ಶೇ. 70. ಲೆಕ್ಕ ಇನ್ನೂ ಮುಗಿದಿಲ್ಲ. ಪರೀಕ್ಷೆಗೆ ಮೊದಲು ಇನ್ನೂ 24 ತರಗತಿ ನಡೆದು, ನೀವು ಒಂದನ್ನೂ ಬಿಡದೆ ಕೂತರೆ 84ಕ್ಕೆ 59. ಶೇ. 70 ದಾಟಿತು. ದಿನಕ್ಕೊಂದರಂತೆ ನಾಲ್ಕು ವಾರ ಸಾಕು. ಆ ವಿಷಯದ ಟ್ಯುಟೋರಿಯಲ್, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಅವನ್ನು ಬಿಟ್ಟಿದ್ದಾರಾ ಅಂತ ರಿಜಿಸ್ಟರ್ ನೋಡಿ.

ಇನ್ನೊಂದು ದಾರಿಯೂ ಇದೆ. ಆ ವಿಷಯದಲ್ಲಿ ಶೇ. 65 ಮುಟ್ಟಿ, ಎಲ್ಲ ವಿಷಯ ಸೇರಿ ಶೇ. 70 ಇದ್ದರೆ ಪ್ರಾಂಶುಪಾಲರು ವಿಶೇಷ ಕಾರಣಕ್ಕೆ ಬಿಡಬಹುದು. ಅದಕ್ಕೆ 12 ತರಗತಿ ಸಾಕು. ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಅದನ್ನೇ ನಂಬಿ ಕೂರಬೇಡಿ. ಹೆಚ್ಚುವರಿ ತರಗತಿ ಕೇಳಿ ಪತ್ರ ಬರೆಯಿರಿ. ನಿಮ್ಮ ಹಾಗೇ ಇರುವ ನಾಲ್ಕು ಜನರ ಸಹಿ ಹಾಕಿಸಿ. ಲೈನ್ ಕಟ್ಟಾದ ದಿನಾಂಕಗಳು ಗೊತ್ತಿದ್ದರೆ ಬರೆಯಿರಿ. ಪರೀಕ್ಷೆ ದಿನಾಂಕ ಪ್ರಕಟವಾದ ಮೇಲೆ ಹೋದರೆ ಯಾರೂ ಕೇಳಲ್ಲ.

ಕಪ್ಪು ಕೋಟು: ಇಷ್ಟೆಲ್ಲ ಯಾಕೆ? ಒಂದು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿದರೆ ಆಯ್ತು. ನಮ್ಮ ಕಡೆ ಎಲ್ಲರೂ ಮಾಡ್ತಾರೆ.

ಮೇಷ್ಟ್ರು: ಕಾಯಿಲೆ ಇಲ್ಲದೆ ಸರ್ಟಿಫಿಕೇಟ್ ಮಾಡಿಸುವುದು ಸುಳ್ಳು ದಾಖಲೆ. ನಾಳೆ ಕೋರ್ಟಿನಲ್ಲಿ ಪ್ರಮಾಣಪತ್ರ ಸಲ್ಲಿಸಬೇಕಾದವರು ನೀವು. ಇದನ್ನು ಇಲ್ಲಿ ಮತ್ತೆ ಬರೆಯಬೇಡಿ.

ಮೈಸೂರಪ್ಪ: ಒಂದು ಮಾತು. ಫೋನ್ ಮ್ಯೂಟ್ ಮಾಡಿ ಮಲಗಿದವರಿಗೆ ನೂರಕ್ಕೆ ನೂರು ಹಾಜರಾತಿ. ಈಗ ಎಲ್ಲರಿಗೂ ನೆಟ್‌ವರ್ಕ್ ನೆಪ.

ಸೆಕ್ಷನ್ ಬಿ: ನೆಪನಾ? ಒಂದು ವಾರ ಆ ಗುಡ್ಡದ ಮೇಲೆ ಕೂತು ಬನ್ನಿ ಅಂಕಲ್.

ಮೈಸೂರಪ್ಪ: ಎಲ್ಲರ ಬಗ್ಗೆ ಹೇಳಿಲ್ಲ. ಫೀಸು ಕಟ್ಟೋರು ನಾವು.

ಸೆಕ್ಷನ್ ಬಿ: ಫೀಸು ಕಟ್ಟಿದರೆ ಏನು ಬೇಕಾದರೂ ಅನ್ನಬಹುದಾ?

ಸಂಜೆ ಬಸ್ಸು: ಹಾಗಾದರೆ ಕೆಲಸ ಮಾಡೋರು ಓದಲೇಬಾರದಾ? 8ರಿಂದ 7 ಅಂದರೆ ನಾವು ಎಲ್ಲಿಗೆ ಹೋಗೋಣ?

ಅಡ್ಮಿನ್: ಜಗಳ ಸಾಕು.

ಅರ್ಜಿದಾರ: ಇಂಟರ್ನ್‌ಶಿಪ್ ಪೂರ್ತಿ ಬಾಕಿ. ಮೂರು ವರ್ಷದ ಕೋರ್ಸಿನ 12 ವಾರವನ್ನೂ ಒಟ್ಟಿಗೆ ಮಾಡಲಾ?

ಮೇಷ್ಟ್ರು: ಒಂದೇ ಸಲಕ್ಕೆ ಸತತ ನಾಲ್ಕು ವಾರಕ್ಕಿಂತ ಜಾಸ್ತಿ ಇಲ್ಲ. ಬಿಡಿಸಿ ಮಾಡಿ. ಕೋರ್ಟ್ ನೋಡುವ ಅಭ್ಯಾಸ ತಪ್ಪಿದ್ದರೆ, ಮೇ ಕೊನೆಯಿಂದ ನಮ್ಮ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತಿದೆ. ನೋಡಿ ಟಿಪ್ಪಣಿ ಮಾಡಿಕೊಳ್ಳಿ. ಅದು ಇಂಟರ್ನ್‌ಶಿಪ್ ಆಗಲ್ಲ, ಕಿವಿಗೆ ಒಳ್ಳೆಯದು.

ಹೊಸಬ: ಸರ್, ಎಲ್ಲರೂ ಪಾಸ್ ಅಂತೆ, ನಿಜಾನಾ?

ಮೇಷ್ಟ್ರು: ಮೇಲೆ ಓದಿ.

ಹೊಸಬ: ಉದ್ದ ಇದೆ ಸರ್. ಹೌದು ಅಥವಾ ಇಲ್ಲ ಅಂತ ಹೇಳಿ.

ಮೇಷ್ಟ್ರು: ಇಲ್ಲ. ಇಷ್ಟು ಉದ್ದ ಓದಲಾಗದಿದ್ದರೆ ತೀರ್ಪು ಹೇಗೆ ಓದುತ್ತೀರಿ?

ಹಾಸನದ ಅಮ್ಮ: ಹಾಸ್ಟೆಲ್ ಫೀಸಿನ ಬಗ್ಗೆ ಯಾರೂ ಹೇಳಲಿಲ್ಲ.

ಕಪ್ಪು ಕೋಟು: ಮೇಷ್ಟ್ರಿಗೆ ಕೋಪ ಜಾಸ್ತಿ. ಕೇಳೋದೂ ತಪ್ಪಾ?

ಸೆಕ್ಷನ್ ಬಿ: ಸುಳ್ಳು ಸರ್ಟಿಫಿಕೇಟ್ ದಾರಿ ತೋರಿಸಿದವರು ಸುಮ್ನಿರಿ.

ಮಳೆಹುಡುಗಿ: ಸರ್, ಇವತ್ತು ಪತ್ರ ತಗೊಂಡು ಹೋಗಿದ್ದೆ. ಆರು ಜನರ ಸಹಿ ಇತ್ತು. ಆಫೀಸಿನಲ್ಲಿ ತಗೊಂಡರು. ಪ್ರತಿಗೆ ಸೀಲು ಹಾಕಿಕೊಡಲ್ಲ ಅಂದರು.

ಮೇಷ್ಟ್ರು: ಅದೇ ಪತ್ರವನ್ನು ನಾಳೆ ಬೆಳಿಗ್ಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ರಸೀದಿ ಜೋಪಾನ. ಇಂದಿನಿಂದ ನಡೆಯುವ ಪ್ರತಿ ತರಗತಿಗೆ ಹೋಗಿ, ದಿನಾಂಕ ನಿಮ್ಮ ನೋಟ್‌ಬುಕ್ಕಿನಲ್ಲೂ ಬರೆದಿಡಿ. ಮುಂದಿನ ಶನಿವಾರ ಎಷ್ಟಾಯಿತು ಅಂತ ನನಗೆ ತಿಳಿಸಿ.