ಪದಚರ್ಚೆ: ಬಿಜಿಎ ರಿವರ್ಕ್ ಕೈಪಿಡಿಯಲ್ಲಿ ‘ಕರಗು’, ‘ಬೇಯಿಸು’, ‘ನೆನೆ’, ‘ಮೀಟು’

ನಮಸ್ಕಾರ.

ಅವಗೆಂಪು (ಇನ್‌ಫ್ರಾರೆಡ್) ಕಿರಣದಿಂದ ಕಾಯಿಸುವ ರಿವರ್ಕ್ ಸ್ಟೇಷನ್‌ನಲ್ಲಿ ಬಿಜಿಎ ಚಿಪ್ (ಅಡಿಯಲ್ಲಿ ಸೋಲ್ಡರ್, ಅಂದರೆ ಬೆಸುಗೆ ಲೋಹದ, ಗುಂಡುಗಳಿರುವ ಚಿಪ್) ತೆಗೆದು ಹೊಸದನ್ನು ಕೂರಿಸುವ ಕೆಲಸಕ್ಕೆ ಕನ್ನಡದಲ್ಲಿ ಒಂದು ಕೈಪಿಡಿಯ ಕರಡು ತಯಾರಾಗಿದೆ. ರಿವರ್ಕ್ (ಬಿಡಿಸಿ ಮತ್ತೆ ಬೆಸೆಯುವುದು), ರಿಬಾಲ್ (ಚಿಪ್‌ಗೆ ಹೊಸ ಗುಂಡು ಕೂರಿಸುವುದು), ಫ್ಲಕ್ಸ್ (ಆಕ್ಸೈಡ್ ತೆಗೆದು ಬೆಸುಗೆ ಹಿಡಿಸುವ ಲೇಪ), ಪ್ಯಾಡ್ (ಗುಂಡು ಬೆಸೆಯುವ ಬೋರ್ಡಿನ ತಾಮ್ರದ ಬಿಂದು), ಸ್ಟೆನ್ಸಿಲ್ (ತೂತುಗಳ ತೆಳು ತಗಡು) ಮುಂತಾದ ಹೆಸರುಗಳನ್ನು ಕೆಲಸಗಾರರು ಆಡುವ ಹಾಗೆಯೇ ಇಟ್ಟುಕೊಂಡಿದೆ. ಅನುಮಾನ ಇರುವುದು ಕ್ರಿಯಾಪದಗಳ ಮೇಲೆ. ಕರಡಿನ ನಾಲ್ಕು ವಾಕ್ಯ ನೋಡಿ:

“ಚಿಪ್‌ನ ಅಡಿಯ ಸೋಲ್ಡರ್ ಗುಂಡುಗಳು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ.”
“ಹೆಚ್ಚು ಹೊತ್ತು ಕಾಯಿಸಿದರೆ ಪ್ಯಾಡಿನ ತಾಮ್ರವೂ ಕರಗುತ್ತದೆ.”
“ಬೋರ್ಡನ್ನು 125 ಡಿಗ್ರಿಯಲ್ಲಿ ಬೇಯಿಸಿ, ಆಮೇಲೆ 150ರಿಂದ 180 ಡಿಗ್ರಿಯಲ್ಲಿ ನೆನೆಯಲು ಬಿಡಿ.”
“ಚಿಪ್ ಮೀಟಿ ನೋಡಿ, ಸಡಿಲವಾಗಿದ್ದರೆ ಕೀಳಿ.”

ಓದಿದವರು ಕೈಯಲ್ಲಿ ಬೋರ್ಡ್ ಹಿಡಿದು ಇದನ್ನೇ ಪಾಲಿಸುತ್ತಾರೆ. ಎಲ್ಲಿ ಎಡವಬಹುದು? ‘ರಿವರ್ಕ್’ ಬದಲು ‘ದುರಸ್ತಿ’ ಎಂದರೆ ಆದೀತೇ?

ಉತ್ತರ:

ಮೊದಲೆರಡು ವಾಕ್ಯಗಳ ಕ್ರಿಯಾಪದ ಒಂದೇ ಆದರೂ ಅಲ್ಲಿ ನಡೆಯುವುದು ಬೇರೆ ಬೇರೆ. ಸೀಸವಿಲ್ಲದ ಎಸ್‌ಎಸಿ305 ಸೋಲ್ಡರ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇ 96.5 ತವರ, 3 ಬೆಳ್ಳಿ, 0.5 ತಾಮ್ರ ಇರುತ್ತದೆ. ಅದು 217ರಲ್ಲಿ ಕರಗತೊಡಗಿ 220ರ ಹೊತ್ತಿಗೆ ಪೂರ್ತಿ ದ್ರವವಾಗುತ್ತದೆ. ಶೇ 63 ತವರ, 37 ಸೀಸದ ಹಳೆಯ ಸೋಲ್ಡರ್ 183ರಲ್ಲೇ ಕರಗುತ್ತದೆ. ಕೈಪಿಡಿ ಯಾವ ಮಿಶ್ರಲೋಹದ ಮಾತಾಡುತ್ತಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ತಾಮ್ರ ಕಾವಿಗೆ ಕರಗಲು ಸುಮಾರು 1085 ಡಿಗ್ರಿ ಬೇಕು. ರಿವರ್ಕ್‌ನ ಗರಿಷ್ಠ ಬಿಸಿ 235ರಿಂದ 245. ಹಾಗಾಗಿ ಎರಡನೇ ವಾಕ್ಯದ ‘ಕರಗು’, ಉಪ್ಪು ನೀರಿನಲ್ಲಿ ಕರಗುವ ಬಗೆಯದು: ದ್ರವವಾಗಿರುವ ತವರದೊಳಕ್ಕೆ ಪ್ಯಾಡಿನ ತಾಮ್ರ ಸೇರಿಹೋಗಿ ಪ್ಯಾಡ್ ತೆಳುವಾಗುತ್ತದೆ. ಬಿಸಿ ಏರಿದರೆ ಇದು ವೇಗವಾಗುವುದು ನಿಜ, ಆದರೆ ಸೋಲ್ಡರ್ ದ್ರವವಾಗಿರುವ ಪ್ರತಿ ಕ್ಷಣವೂ ಇದು ನಡೆದೇ ಇರುತ್ತದೆ. ತಪ್ಪಾಗಿ ಓದಿದವರು ಏನು ಮಾಡುತ್ತಾರೆ ಯೋಚಿಸಿ: ತಾಮ್ರ ಕರಗೀತೆಂದು ಹೆದರಿ 222 ಡಿಗ್ರಿಯಲ್ಲಿ ಐದು ನಿಮಿಷ ಹಿಡಿದಿಡುತ್ತಾರೆ. ಉಳಿಸಬೇಕಾದ ಪ್ಯಾಡನ್ನೇ ಸವೆಸುತ್ತಾರೆ. ಪ್ರತಿ ಸಲವೂ 217ರ ಮೇಲಿನ ಅವಧಿ 45ರಿಂದ 90 ಸೆಕೆಂಡಿನೊಳಗೆ ಇರಬೇಕು. ಒಂದೇ ರಿವರ್ಕ್‌ನಲ್ಲಿ ಅದೇ ಪ್ಯಾಡ್ ಮೂರು ಸಲ ದ್ರವ ತವರಕ್ಕೆ ಸಿಗುತ್ತದೆ: ಚಿಪ್ ತೆಗೆಯುವಾಗ, ಹೆಣೆದ ತಾಮ್ರದ ಪಟ್ಟಿಯಿಂದ ಹಳೆಯ ಸೋಲ್ಡರ್ ಒರೆಸುವಾಗ, ಹೊಸದನ್ನು ಕೂರಿಸುವಾಗ. ಎರಡನೇ ವಾಕ್ಯಕ್ಕೆ ‘ಲೀನವಾಗು’ ಇರಲಿ ಎಂಬುದು ನನ್ನ ಸಲಹೆ.

‘ಬೇಯಿಸು’ ಬೇಡವೇ ಬೇಡ. 125 ಡಿಗ್ರಿಯಲ್ಲಿ ಸಾಮಾನ್ಯವಾಗಿ 24 ಗಂಟೆ ಇಡುವುದು ಪ್ಲಾಸ್ಟಿಕ್ ಮೈಯ ಚಿಪ್ ಮತ್ತು ಬೋರ್ಡ್ ಹೀರಿಕೊಂಡ ತೇವ ಹೊರಹೋಗಲಿ ಎಂದು. ಅವಧಿ ಚಿಪ್‌ನ ದಪ್ಪ ಮತ್ತು ತೇವಸೂಕ್ಷ್ಮತೆಯ ಮಟ್ಟದ ಮೇಲೆ ಹೆಚ್ಚುಕಡಿಮೆಯಾಗುತ್ತದೆ. ತೇವ ಉಳಿದಿದ್ದರೆ 200 ದಾಟಿದಾಗ ಒಳಗೇ ಆವಿಯಾಗಿ ಪದರ ಬಿಡಿಸುತ್ತದೆ, ಮೈ ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ‘ಒಣಗಿಸಿ’ ಎಂದರೆ ಕಾರಣವೂ ಪದದಲ್ಲೇ ಬಂತು. ‘ಬೇಯಿಸಿ’ ಎಂದರೆ ಇನ್ನೊಂದು ಅಪಾಯವಿದೆ: ಸತ್ತ ಗ್ರಾಫಿಕ್ಸ್ ಚಿಪ್ಪನ್ನು ಸುಮ್ಮನೆ ಕಾಯಿಸಿ ಎಬ್ಬಿಸುವ ಚಾಳಿಯನ್ನು ಅದು ನೆನಪಿಸುತ್ತದೆ. ಅಲ್ಲಿ ಎಷ್ಟೋ ಸಲ ದೋಷ ಇರುವುದು ಹೊರಗಿನ ಗುಂಡುಗಳಲ್ಲಲ್ಲ, ಸಿಲಿಕಾನ್ ತುಣುಕನ್ನು ಅದರ ತಳಹದಿಗೆ ಸೇರಿಸುವ ಒಳಗಿನ ಸೂಕ್ಷ್ಮ ಬಿಂದುಗಳಲ್ಲಿ. ಕಾವು ಕೊಟ್ಟಾಗ ಕೆಲಕಾಲ ತಾಗಿಕೊಂಡು ಮತ್ತೆ ಬಿಡುತ್ತವೆ. ಅದು ರಿವರ್ಕ್ ಅಲ್ಲ, ದುರಸ್ತಿಯೂ ಅಲ್ಲ.

‘ನೆನೆ’ ಎಂದರೆ ಒದ್ದೆಯೇ ನೆನಪಾಗುತ್ತದೆ. 150ರಿಂದ 180 ಡಿಗ್ರಿಯಲ್ಲಿ ಇಡುವ 60ರಿಂದ 120 ಸೆಕೆಂಡುಗಳಲ್ಲಿ ಆಗಬೇಕಾದದ್ದು ಕಾವು ಸಮವಾಗುವುದು. ಅವಗೆಂಪು ಯಂತ್ರದಲ್ಲಿ ಈ ಹಂತ ಬಿಸಿಗಾಳಿ ಯಂತ್ರಕ್ಕಿಂತ ಮುಖ್ಯ. ಕಪ್ಪು ಮೈ ಕಿರಣಗಳನ್ನು ಚೆನ್ನಾಗಿ ಹೀರುತ್ತದೆ, ಹೊಳೆಯುವ ಲೋಹದ ಮುಚ್ಚಳ ಹಿಂದಕ್ಕೆ ಎಸೆಯುತ್ತದೆ. ಒಂದೇ ಹೀಟರಿನಡಿ ಪಕ್ಕಪಕ್ಕದ ಎರಡು ಭಾಗಗಳ ಬಿಸಿ ಬೇರೆಬೇರೆಯಾಗುತ್ತದೆ. ಕೆಳಗಿನ ಹೀಟರ್ ಇಡೀ ಬೋರ್ಡನ್ನು ನಿಧಾನವಾಗಿ 150ರ ಸುತ್ತ ತಂದ ಮೇಲೆಯೇ ಮೇಲಿನದನ್ನು ಹೆಚ್ಚಿಸಬೇಕು, ಇಲ್ಲದಿದ್ದರೆ ಕಾದ ಜಾಗ ಮಾತ್ರ ಹಿಗ್ಗಿ ಬೋರ್ಡ್ ಬಾಗುತ್ತದೆ. ‘ಕಾವು ಸಮವಾಗಲು ಬಿಡಿ’ ಎಂದೇ ಬರೆಯಿರಿ. ಬಿಸಿ ಅಳೆಯುವ ಕೆ-ಮಾದರಿಯ ಥರ್ಮೋಕಪಲ್‌ನ ತುದಿ ಚಿಪ್‌ನ ಅಂಚಿಗೆ, ಬೋರ್ಡಿಗೆ ತಾಗಿಕೊಂಡಿರಲಿ ಎಂಬ ಮಾತನ್ನೂ ಸೇರಿಸಿ. ಗಾಳಿಯಲ್ಲಿ ತೂಗುತ್ತಿದ್ದರೆ ಅದು ತೋರಿಸುವ ಅಂಕಿಗೆ ಅರ್ಥವಿಲ್ಲ.

ಮತ್ತೊಂದು ಉತ್ತರ:

ಮೇಲಿನದಕ್ಕೆ ಬಹುಪಾಲು ಒಪ್ಪಿಗೆ. ‘ಲೀನವಾಗು’ ಮಾತ್ರ ಬೇಡ, ಕೆಲಸದ ಮೇಜಿನ ಬಳಿ ಅದು ಪುಸ್ತಕದ ಮಾತಾಗುತ್ತದೆ. ‘ಕರಗು’ ಒಂದರಲ್ಲೇ ಇರುವ ಎರಡು ಅರ್ಥವನ್ನು ಕನ್ನಡ ವಿಭಕ್ತಿಯಿಂದ ಬಿಡಿಸುತ್ತದೆ. ಮೇಣ ಬಿಸಿಗೆ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ. ಅದರಂತೆ ‘ಸೋಲ್ಡರ್ ಕಾವಿಗೆ ಕರಗುತ್ತದೆ’, ‘ತಾಮ್ರ ತವರದಲ್ಲಿ ಕರಗುತ್ತದೆ’. ಕರಡಿನ ತಪ್ಪು ಪದದ ಆಯ್ಕೆಯಲ್ಲಿಲ್ಲ, ಯಾವುದಕ್ಕೆ, ಯಾವುದರಲ್ಲಿ ಎಂಬುದನ್ನು ಬಿಟ್ಟಿರುವುದರಲ್ಲಿದೆ.

ನಾಲ್ಕನೇ ವಾಕ್ಯವನ್ನು ಯಾರೂ ಮುಟ್ಟಿಲ್ಲ, ನನ್ನ ಮಟ್ಟಿಗೆ ಅದೇ ಅತಿ ಅಪಾಯದ್ದು. ಮೀಟುವುದೆಂದರೆ ಅಡಿಗೆ ಕೈ ಹಾಕಿ ಮೇಲಕ್ಕೆಬ್ಬಿಸುವುದು. ಮೂಲೆಯ ಗುಂಡುಗಳು ಕರಗಿ ನಡುವಿನವು ಗಟ್ಟಿಯಿದ್ದಾಗ ಮೀಟಿದರೆ ಪ್ಯಾಡ್ ಬೋರ್ಡಿನಿಂದ ಕಿತ್ತುಬರುತ್ತದೆ, ಜೊತೆಗೆ ತಾಮ್ರದ ಗೆರೆಯೂ ಹರಿಯುತ್ತದೆ. ಮಾಡಬೇಕಾದದ್ದು ಚಿಪ್‌ನ ಅಂಚನ್ನು ಚಿಮಟದಿಂದ ಪಕ್ಕಕ್ಕೆ ಕೂದಲೆಳೆಯಷ್ಟು ತಳ್ಳುವುದು. ಎಲ್ಲ ಗುಂಡುಗಳೂ ಕರಗಿದ್ದರೆ ಚಿಪ್ ಸರಿದು ಮೇಲ್ಮೈ ಸೆಳೆತಕ್ಕೆ ತಾನಾಗಿ ಹಳೆಯ ಜಾಗಕ್ಕೆ ಮರಳುತ್ತದೆ. ಮರಳಿದ ಮೇಲೆ ಹೀರುಬಟ್ಟಲಿನ ಪೆನ್ನಿನಿಂದ ನೇರ ಮೇಲಕ್ಕೆ ಎತ್ತಬೇಕು. ‘ಕೀಳು’ ಎಂಬ ಪದದಲ್ಲೇ ಬಲಪ್ರಯೋಗ ಇದೆ. ಈ ಪುಟದಲ್ಲಿ ಅದು ಪ್ಯಾಡ್ ಹಾಳಾಗುವುದನ್ನು ಹೇಳಲು ಮಾತ್ರ ಬರಲಿ. ಅಡಿಗೆ ಎಪಾಕ್ಸಿ ತುಂಬಿದ ಚಿಪ್‌ಗೆ ಈ ಪರೀಕ್ಷೆ ನಡೆಯದು ಎಂಬ ಎಚ್ಚರಿಕೆಯೂ ಬೇಕು. ಅಲ್ಲಿ ಸೋಲ್ಡರ್ ಕರಗಿದರೂ ಅಂಟು ಹಿಡಿದುಕೊಂಡೇ ಇರುತ್ತದೆ.

ಸುತ್ತಲಿನ ಭಾಗಗಳನ್ನು ‘ಟೇಪಿನಿಂದ ಮುಚ್ಚಿ’ ಎಂದು ಕರಡಿನಲ್ಲಿ ಬಂದಿದ್ದರೆ ‘ಮರೆಮಾಡಿ’ ಎಂದು ತಿದ್ದಿ. ಕಿರಣಕ್ಕೆ ಬೇಕಾದದ್ದು ಮರೆ. ಪಾಲಿಇಮೈಡ್ ಟೇಪ್ ಕಾವು ತಡೆದುಕೊಳ್ಳುತ್ತದೆ, ಕಿರಣವನ್ನು ಹಿಂದಕ್ಕೆ ಎಸೆಯುವುದಿಲ್ಲ. ಅದರಡಿಯ ಪ್ಲಾಸ್ಟಿಕ್ ಕನೆಕ್ಟರ್ ಮೆತ್ತಗಾಗಬಹುದು, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಉಬ್ಬಬಹುದು. ಅಲ್ಯೂಮಿನಿಯಂ ಟೇಪ್ ಕಿರಣವನ್ನು ಎಸೆಯುತ್ತದೆ.

‘ದುರಸ್ತಿ’ಯ ಪ್ರಶ್ನೆಗೆ: ಎಲೆಕ್ಟ್ರಾನಿಕ್ಸ್ ಉದ್ಯಮದ ಐಪಿಸಿ-7711/7721 ಮಾನದಂಡ ಎರಡನ್ನೂ ಬೇರೆಯಾಗಿಯೇ ಇಟ್ಟಿದೆ. ಮೂಲ ವಿನ್ಯಾಸಕ್ಕೆ ಪೂರ್ತಿ ಹೊಂದುವಂತೆ ಮತ್ತೆ ಮಾಡಿದರೆ ರಿವರ್ಕ್. ಕೆಲಸ ಮಾಡುವ ಸ್ಥಿತಿಗೆ ತಂದು, ಮೂಲ ವಿನ್ಯಾಸಕ್ಕೆ ಪೂರ್ತಿ ಹೊಂದುತ್ತದೆಂಬ ಖಾತರಿ ಇಲ್ಲದಿದ್ದರೆ ದುರಸ್ತಿ. ಚಿಪ್ ಬದಲಿಸುವುದು ರಿವರ್ಕ್; ಕಿತ್ತುಬಂದ ಪ್ಯಾಡಿಗೆ ತಂತಿ ಎಳೆದು ಬೆಸೆಯುವುದು ದುರಸ್ತಿ.

ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ತಿದ್ದಿದ ಪಾಠ ಹೀಗಿದೆ:

“ಬೋರ್ಡನ್ನು 125 ಡಿಗ್ರಿಯಲ್ಲಿ ಒಣಗಿಸಿ. ಸುತ್ತಲಿನ ಭಾಗಗಳನ್ನು ಅಲ್ಯೂಮಿನಿಯಂ ಟೇಪಿನಿಂದ ಮರೆಮಾಡಿ. ಚಿಪ್‌ನ ಅಂಚಿಗೆ ಫ್ಲಕ್ಸ್ ಹಚ್ಚಿ. 150ರಿಂದ 180 ಡಿಗ್ರಿಯಲ್ಲಿ 60ರಿಂದ 120 ಸೆಕೆಂಡು ಕಾವು ಸಮವಾಗಲು ಬಿಡಿ. ಎಸ್‌ಎಸಿ305 ಗುಂಡುಗಳು 217ರಿಂದ 220 ಡಿಗ್ರಿಯ ಕಾವಿಗೆ ಕರಗುತ್ತವೆ. ಚಿಪ್ಪನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ತಾನಾಗಿ ಮರಳಿದರೆ ನೇರ ಮೇಲಕ್ಕೆ ಎತ್ತಿ. ಸೋಲ್ಡರ್ ದ್ರವವಾಗಿರುವಷ್ಟು ಹೊತ್ತೂ ಪ್ಯಾಡಿನ ತಾಮ್ರ ಅದರಲ್ಲಿ ಕರಗುತ್ತಿರುತ್ತದೆ. ಆ ಅವಧಿ 90 ಸೆಕೆಂಡು ಮೀರದಿರಲಿ.”

ಇನ್ನೊಂದು ಪದ ಉಳಿದಿದೆ. ಕೂರಿಸುವಾಗ ಗುಂಡೂ ಕರಗಿರುತ್ತದೆ, ಪ್ಯಾಡಿನ ಮೇಲಿನ ಸೋಲ್ಡರ್ ಪೇಸ್ಟೂ ಕರಗಿರುತ್ತದೆ, ಆದರೆ ಎರಡೂ ಒಂದಾಗಿರುವುದಿಲ್ಲ. ಬಿಸಿ ಏರಿದಾಗ ಚಿಪ್ ಬಾಗಿ ಗುಂಡು ಮೇಲೆದ್ದು, ಮರಳಿ ಇಳಿಯುವ ಹೊತ್ತಿಗೆ ಮೇಲ್ಮೈಯಲ್ಲಿ ಆಕ್ಸೈಡ್ ಪೊರೆ ಕಟ್ಟಿ, ಫ್ಲಕ್ಸ್‌ನ ಶಕ್ತಿ ಮುಗಿದಿರುತ್ತದೆ. ಮೊದಲ ಪರೀಕ್ಷೆಯಲ್ಲಿ ವಿದ್ಯುತ್ ಹರಿಯಲೂಬಹುದು, ಬಳಸತೊಡಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಕಾವು ಸಾಲದೆ ಆಗುವ ‘ಅರೆಬೆಸುಗೆ’ಯಿಂದ ಇದನ್ನು ಬೇರೆ ತೋರಿಸಬೇಕು. ‘ಕೂಡದ ಬೆಸುಗೆ’ ಎಂದು ಸದ್ಯಕ್ಕೆ ಬರೆದಿದೆ. ಇದಕ್ಕಿಂತ ಒಪ್ಪುವ ಪದ ಯಾರಲ್ಲಾದರೂ ಇದ್ದರೆ ತಿಳಿಸಿ.