ಬೆಡ್‌ಫೋರ್ಡ್ ಫೈರ್ ಇಂಜಿನ್: ಪಂಪ್ ಕೆರೆಯಿಂದ ನೀರು ಎಳೆಯುತ್ತಿಲ್ಲ, ಗೇಜ್ 12ಕ್ಕೇ ನಿಲ್ಲುತ್ತದೆ

ತೋಟದ ಶೆಡ್ (ಮಡಿಕೇರಿ ಹತ್ತಿರ):
ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದಿಂದ ನಮ್ಮ ಶೆಡ್‌ನಲ್ಲೇ ನಿಂತಿದ್ದ ಬೆಡ್‌ಫೋರ್ಡ್ ಜೆ ಟೈಪ್ ಫೈರ್ ಇಂಜಿನ್‌ನ ಕೆಲಸ ಎರಡು ವರ್ಷದಿಂದ ಮಾಡುತ್ತಿದ್ದೇನೆ. ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್ ಈಗ ಚೆನ್ನಾಗಿ ಓಡುತ್ತಿದೆ. ಬ್ರೇಕ್ ಆಯ್ತು. ಹಿತ್ತಾಳೆ ಗಂಟೆ ಉಜ್ಜಿ ಉಜ್ಜಿ ಹೊಳಪು ಬಂತು. ಪಂಪ್ ಮಾತ್ರ ಕೈಕೊಟ್ಟಿದೆ. ಗಾಡಿಯ ಟ್ಯಾಂಕ್‌ನಿಂದ ಕೊಟ್ಟರೆ ನೀರು ಸಿಲ್ವರ್ ಓಕ್ ತುದಿ ಮುಟ್ಟುವಷ್ಟು ಹಾರುತ್ತದೆ, ಆದರೆ ಕೆರೆಗೆ ಸಕ್ಷನ್ ಪೈಪ್ ಇಳಿಸಿದರೆ ಒಂದು ತೊಟ್ಟೂ ಬರುವುದಿಲ್ಲ. ಸೈಲೆನ್ಸರ್ ಹೊಗೆಯ ರಭಸದಿಂದ ಗಾಳಿ ಎಳೆಯುವ ಪ್ರೈಮರ್ ಇದೆ. ಅದನ್ನು ಹಾಕಿದರೆ ವ್ಯಾಕ್ಯೂಮ್ ಗೇಜ್ 12 ಇಂಚಿಗೆ (ಪಾದರಸದ ಲೆಕ್ಕ) ಹೋಗಿ ನಿಲ್ಲುತ್ತದೆ, ಬಿಟ್ಟರೆ 20 ಸೆಕೆಂಡಿನಲ್ಲಿ ಸೊನ್ನೆ. ನೀರಿನ ಮಟ್ಟದಿಂದ ಪಂಪ್‌ಗೆ 16 ಅಡಿ. ಗಾಡಿ ಜೊತೆ ಬಂದ ಹಳೇ ಕೈಪಿಡಿಯಲ್ಲಿ 24 ಇಂಚು ಬರಬೇಕು ಅಂತ ಇದೆ. ಇಂಪೆಲ್ಲರ್ (ಪಂಪ್ ಒಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿದೆ, ಪಂಪ್ ಬಿಚ್ಚೋಣ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಸ್ಪ್ರಿಂಕ್ಲರ್ ಸುಂಟಿಕೊಪ್ಪ:
ಬಿಚ್ಚಬೇಡಿ ಅಣ್ಣ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಹೊಡೆಯುವಾಗ ನಮಗೆ ದಿನಾ ಇದೇ ಕಥೆ. ನೂರಕ್ಕೆ ತೊಂಬತ್ತು ಸಲ ಪೈಪ್ ಜಾಯಿಂಟ್‌ನಲ್ಲಿ ಏರ್ ಹಿಡಿದಿರುತ್ತದೆ. ಒಂದು ಊದಿನಕಡ್ಡಿ ಹಚ್ಚಿ ಜಾಯಿಂಟ್ ಸುತ್ತ ನಿಧಾನಕ್ಕೆ ತಿರುಗಿಸಿ. ಹೊಗೆ ಎಲ್ಲಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲೇ ಲೀಕ್.

ಪಂಪ್ ಆಪರೇಟರ್ (ನಿವೃತ್ತ):
ಊದಿನಕಡ್ಡಿ ಡೀಸೆಲ್ ಪಂಪ್‌ಗೆ ನಡೆಯುತ್ತದೆ, ಹಳೇ ಪೆಟ್ರೋಲ್ ಗಾಡಿ ಪಕ್ಕದಲ್ಲಿ ದಯವಿಟ್ಟು ಬೇಡ. ಶೇವಿಂಗ್ ಫೋಮ್ ಹಚ್ಚಿ, ಲೀಕ್ ಇದ್ದ ಕಡೆ ನೊರೆಯಲ್ಲಿ ಗುಂಡಿ ಬೀಳುತ್ತದೆ.

ಇಂಪೆಲ್ಲರ್ ಸರಿ ಇದೆ. ಕೆಟ್ಟಿದ್ದರೆ ಟ್ಯಾಂಕ್ ನೀರನ್ನೂ ಅಷ್ಟು ಎತ್ತರ ಹಾರಿಸುತ್ತಿರಲಿಲ್ಲ ಅಲ್ವಾ. ಇಂಥ ಪಂಪ್ ತಾನಾಗಿ ಗಾಳಿ ಎಳೆಯುವುದಿಲ್ಲ, ಗಾಳಿ ತೆಗೆಯುವುದು ಪ್ರೈಮರ್ ಕೆಲಸ, ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಗೇಜ್‌ನ ಒಂದು ಇಂಚಿಗೆ ನೀರು ಸುಮಾರು 1.13 ಅಡಿ ಏರುತ್ತದೆ. 12 ಇಂಚು ಅಂದರೆ ಹದಿಮೂರೂವರೆ ಅಡಿ. ನಿಮ್ಮ ನೀರು ಪಂಪ್‌ಗೆ ಎರಡೂವರೆ ಅಡಿ ಕೆಳಗೆ ನಿಂತಿದೆ. ಪ್ರೈಮರ್ ಓಡುವಾಗ ಪೈಪ್ ಮೇಲೆ ಕೈ ಆಡಿಸಿ, ನೀರು ಇರುವಷ್ಟು ದೂರ ತಣ್ಣಗೆ ಇರುತ್ತದೆ.

ಇನ್ನೊಂದು ವಿಷಯ. 24 ಇಂಚು ಸಮುದ್ರಮಟ್ಟದ ಲೆಕ್ಕ. ಅಲ್ಲಿ ಗಾಳಿಯ ಒತ್ತಡ 30 ಇಂಚಿನ ಹತ್ತಿರ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಇರುವುದೇ 26. ನಿಮಗೆ 20 ಬಂದರೆ ಪಂಪ್ ಆರೋಗ್ಯವಾಗಿದೆ ಅಂತ ತಿಳಿಯಿರಿ.

ಮೊದಲು ಸಕ್ಷನ್ ಪೈಪ್ ತೆಗೆದು ಪಂಪ್ ಬಾಯಿಗೆ ಕ್ಯಾಪ್ ಹಾಕಿ, ಡೆಲಿವರಿ ವಾಲ್ವ್ ಎಲ್ಲಾ ಮುಚ್ಚಿ ಪ್ರೈಮ್ ಮಾಡಿ. ನಿಲ್ಲಿಸಿ ಒಂದು ನಿಮಿಷ ಗೇಜ್ ನೋಡಿ. 10 ಇಂಚಿಗಿಂತ ಜಾಸ್ತಿ ಇಳಿದರೆ ಲೀಕ್ ಪಂಪ್‌ನಲ್ಲೇ ಇದೆ. ಆಮೇಲೆ ಪೈಪ್ ಸೇರಿಸಿ, ಅದರ ತುದಿಗೆ ಕ್ಯಾಪ್ ಹಾಕಿ ಇನ್ನೊಮ್ಮೆ. ಒಣ ಪಂಪನ್ನು ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಗ್ಲಾಂಡ್ (ಶಾಫ್ಟ್ ಹೊರಬರುವ ಜಾಗದಲ್ಲಿ ರೋಪ್ ಸುತ್ತಿದ ಸೀಲ್) ಸುಡುತ್ತದೆ.

ತೋಟದ ಶೆಡ್:
ಸರ್, ನಿನ್ನೆ ಸಂಜೆ ಮಾಡಿದೆ. ಬರೀ ಪಂಪ್‌ಗೆ 17 ಬಂತು, ಒಂದು ನಿಮಿಷದಲ್ಲಿ 5ಕ್ಕೆ ಇಳಿಯಿತು. ಫೋಮ್ ಹಚ್ಚಿದಾಗ ಶಾಫ್ಟ್ ಹೊರಬರುವ ಜಾಗದಲ್ಲಿ ಬೆರಳು ಚುಚ್ಚಿದ ಹಾಗೆ ಗುಂಡಿ ಬಿತ್ತು. ಪೈಪ್ ಸೇರಿಸಿದಾಗ ಎರಡನೇ ಕಪ್ಲಿಂಗ್ (ಪೈಪ್ ಜಾಯಿಂಟ್) ಕೂಡ ನೊರೆ ನುಂಗಿತು. ಬಿಚ್ಚಿದರೆ ಒಳಗೆ ತೊಗಲಿನ ವಾಷರ್, ಒಣಗಿ ಹಪ್ಪಳದ ಹಾಗೆ ಮುರಿಯಿತು.

ಪಂಪ್ ಆಪರೇಟರ್ (ನಿವೃತ್ತ):
ಸಿಕ್ಕಿತಲ್ಲ! ಎಲ್ಲಾ ಕಪ್ಲಿಂಗ್‌ಗೂ ರಬ್ಬರ್ ವಾಷರ್ ಹಾಕಿ. ಗ್ಲಾಂಡ್ ರೋಪ್ ಆ ಕಾಲದ್ದಾದರೆ ಕಲ್ನಾರು ಇರಬಹುದು, ನೀರಲ್ಲಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ, ಒಣಗಿದ್ದನ್ನು ಕೆರೆಯಬೇಡಿ. ಹೊಸದಕ್ಕೆ ಗ್ರಾಫೈಟ್ ರೋಪ್ ತನ್ನಿ. ಸುರುಳಿ ಸುತ್ತಬೇಡಿ, ಒಂದೊಂದೇ ಬಳೆಯಾಗಿ ಓರೆಯಾಗಿ ಕತ್ತರಿಸಿ, ಒಂದರ ಜಾಯಿಂಟ್ ಮೇಲೆ ಇನ್ನೊಂದರ ಜಾಯಿಂಟ್ ಬರದ ಹಾಗೆ ಕೂರಿಸಿ. ನಟ್ ಕೈಯಲ್ಲಿ ಬಿಗಿ ಮಾಡಿ ಸಾಕು. ನೀರು ಓಡುವಾಗ ಆಗಾಗ ಒಂದೊಂದು ಹನಿ ಬೀಳಬೇಕು, ಆ ಹನಿಯೇ ಶಾಫ್ಟನ್ನು ತಣ್ಣಗಿಡುವುದು. ಹನಿ ಪೂರಾ ನಿಲ್ಲುವ ತನಕ ಬಿಗಿದರೆ ಶಾಫ್ಟ್‌ನಲ್ಲಿ ಗೆರೆ ಬೀಳುತ್ತದೆ, ಅದು ಆಮೇಲೆ ದೊಡ್ಡ ಖರ್ಚು.

ತೋಟದ ಶೆಡ್:
ಕುಶಾಲನಗರದಲ್ಲಿ ರೋಪ್ ಸಿಕ್ಕಿತು. ಇವತ್ತು ಬೆಳಿಗ್ಗೆ ಗೇಜ್ 20, ಒಂದು ನಿಮಿಷ ಬಿಟ್ಟರೂ 18! ಪೈಪ್ ಕೆರೆಗೆ ಇಳಿಸಿ ಅಂಗೈ ಇಟ್ಟುಕೊಂಡೇ ನಿಂತಿದ್ದೆ, ತಣ್ಣಗಾಗುತ್ತಾ ಮೇಲೆ ಬಂದಿದ್ದು ಗೊತ್ತಾಯ್ತು. ಮೊದಲು ಕೆಂಪು ತುಕ್ಕಿನ ನೀರು, ಆಮೇಲೆ ತಿಳಿ. ಅಜ್ಜಿ ಕುರ್ಚಿ ತರಿಸಿಕೊಂಡು ಕೆರೆ ಏರಿ ಮೇಲೆ ಕೂತು ಪೂರ್ತಿ ನೋಡಿದರು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಸ್ಪ್ರಿಂಕ್ಲರ್ ಸುಂಟಿಕೊಪ್ಪ:
ಖುಷಿಯಾಯ್ತು ಅಣ್ಣ. ಕೆರೆ ನೀರಲ್ಲಿ ಕೆಸರು ಇರುತ್ತದೆ, ಕೊನೆಗೆ ಟ್ಯಾಂಕಿನ ಒಳ್ಳೆ ನೀರು ಹಾಯಿಸಿ ಪಂಪ್ ತೊಳೆಯಿರಿ. ಆಮೇಲೆ ಪಂಪ್‌ನ ನೀರು ಖಾಲಿ ಮಾಡುವ ಡ್ರೇನ್ ಕಾಕ್ ತೆರೆದಿಡಿ. ನೀರು ಬರದಿದ್ದರೆ ಖಾಲಿಯಾಗಿದೆ ಅಂದುಕೊಳ್ಳಬೇಡಿ, ಕೆಸರು ಕಟ್ಟಿರಬಹುದು, ತಂತಿ ಹಾಕಿ ಚುಚ್ಚಿ ನೋಡಿ.