ಎಂಡಿಎ-ಎಂಬಿ-435 ಕೋಶಗಳಲ್ಲಿ ಮೆಲನಿನ್ ಜೀನ್‌ಗಳು ಕಾಣುತ್ತಿವೆ: ಮೆಟಾಸ್ಟಾಸಿಸ್ ಚಾಲಕ ಜೀನ್‌ಗಳ ವಿಶ್ಲೇಷಣೆಯಲ್ಲಿ ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರಿನ ಕೋಶಗಳು ಮೂಲ ಗೆಡ್ಡೆಯನ್ನು ಬಿಟ್ಟು ಬೇರೆ ಅಂಗಗಳಿಗೆ ಹರಡುವಂತೆ ಮಾಡುವ ಜೀನ್‌ಗಳು ಯಾವುವು ಎಂಬುದು ನನ್ನ ಪಿಎಚ್.ಡಿ. ವಿಷಯ. ಸೆಲ್ ಲೈನ್‌ಗಳಲ್ಲಿ (ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ಕೋಶಗಳ ಸಂತತಿ) ಎಂಸಿಎಫ್-7 ಅನ್ನು ಹರಡದ ಮಾದರಿಯೆಂದೂ, ಎಂಡಿಎ-ಎಂಬಿ-231 ಮತ್ತು ಎಂಡಿಎ-ಎಂಬಿ-435 ಎರಡನ್ನೂ ಹರಡುವ ಮಾದರಿಗಳೆಂದೂ ಇಟ್ಟುಕೊಂಡು, ಪ್ರತಿಯೊಂದು ಸೆಲ್ ಲೈನಿನ ಮೂರು ಮೂರು ಫ್ಲಾಸ್ಕ್‌ಗಳಿಂದ ಆರ್‌ಎನ್‌ಎ ತೆಗೆದು ಸೀಕ್ವೆನ್ಸಿಂಗ್ ಮಾಡಿಸಿದ್ದೇನೆ.

ಮೊದಲ ನೋಟಕ್ಕೆ ಫಲಿತಾಂಶ ನಾನು ಬಯಸಿದಂತೆಯೇ ಇತ್ತು. 435ರಲ್ಲಿ ಎಪಿಥೀಲಿಯಲ್ (ಅಂಗಗಳ ಒಳಪದರದ) ಕೋಶಗಳ ಗುರುತುಗಳಾದ ಕೆರಾಟಿನ್ 8, ಕೆರಾಟಿನ್ 18 ಮತ್ತು ಇ-ಕ್ಯಾಡೆರಿನ್ ಬಹುತೇಕ ಶೂನ್ಯ. ವಿಮೆಂಟಿನ್ ಬಹಳ ಹೆಚ್ಚು. ಎಪಿಥೀಲಿಯಲ್ ಗುಣವನ್ನು ಅಡಗಿಸುವ ಸ್ಲಗ್ ಮತ್ತು ಝೆಬ್2 ಕೂಡ ಹೆಚ್ಚು. ಎಪಿಥೀಲಿಯಲ್ ಗುಣವನ್ನು ಪೂರ್ತಿಯಾಗಿ ಕಳೆದುಕೊಂಡ ಕೋಶಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು ಎಂದುಕೊಂಡು, ಸ್ಲಗ್ ಮತ್ತು ಝೆಬ್2 ಜೀನ್‌ಗಳೇ ಇಲ್ಲಿ ಮೆಟಾಸ್ಟಾಸಿಸ್‌ನ ಚಾಲಕಗಳೆಂದು ಬರೆಯಲು ಆರಂಭಿಸಿದ್ದೆ. ಆದರೆ ಎಸ್‌ಐಆರ್‌ಎನ್‌ಎ ಬಳಸಿ ಝೆಬ್2 ಅನ್ನು ತಗ್ಗಿಸಿದಾಗ ಮ್ಯಾಟ್ರಿಜೆಲ್ (ಅಂಗಾಂಶದ ತಡೆಪದರವನ್ನು ಹೋಲುವ ಜೆಲ್) ದಾಟುವ ಕೋಶಗಳ ಸಂಖ್ಯೆ ಕಡಿಮೆಯಾಗಲೇ ಇಲ್ಲ. ಅನುಮಾನ ಬಂದು ಜೀನ್‌ಗಳ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ನೋಡಿದರೆ, 435ರಲ್ಲಿ ಅತಿ ಹೆಚ್ಚಿರುವ ಜೀನ್‌ಗಳ ಸಾಲಿನಲ್ಲಿ ಪಿಎಂಇಎಲ್, ಎಂಎಲ್‌ಎಎನ್‌ಎ, ಟೈರೊಸಿನೇಸ್, ಎಂಐಟಿಎಫ್ ಮತ್ತು ಸಾಕ್ಸ್10 ಇವೆ, ಇವೆಲ್ಲ ಚರ್ಮದ ಬಣ್ಣದ ಕೋಶಗಳಾದ ಮೆಲನೊಸೈಟ್‌ಗಳಲ್ಲಿ ಕಾಣುವ ಜೀನ್‌ಗಳು. ಮೂರು ಪ್ರತಿಗಳಲ್ಲಿಯೂ ಇದೇ ಚಿತ್ರ.

ಬ್ಯಾಚ್ ವ್ಯತ್ಯಾಸವನ್ನು ಸರಿಪಡಿಸಿ ನೋಡಿದೆ, ಬದಲಾಗಲಿಲ್ಲ. ಮೈಕೋಪ್ಲಾಸ್ಮಾ ಪರೀಕ್ಷೆ ನೆಗೆಟಿವ್ ಬಂದಿದೆ. ಸೆಂಟ್ರಿಫ್ಯೂಜ್ ಮಾಡಿದಾಗ ತಳದಲ್ಲಿ ಕೂಡುವ ಕೋಶಗಳಿಗೆ ಕಪ್ಪು ಬಣ್ಣವೇನೂ ಇಲ್ಲ. ವಯಲ್ ನಮ್ಮ ಲಿಕ್ವಿಡ್ ನೈಟ್ರೋಜನ್ ಕ್ಯಾನ್‌ನಲ್ಲಿ ಎಷ್ಟೋ ವರ್ಷಗಳಿಂದ ಇದ್ದದ್ದು. ಬೇರೊಂದು ಪ್ರಯೋಗಾಲಯದಿಂದ ಬಂದದ್ದೆಂದು ಹಿರಿಯರು ಹೇಳುತ್ತಾರೆ, ಕಾಗದಪತ್ರ ಯಾವುದೂ ಇಲ್ಲ. ಸೀಕ್ವೆನ್ಸಿಂಗ್ ಮಾಡಿಸಿದ ಕಡೆ ಬೇರೆಯವರ ಮಾದರಿ ನಮ್ಮದರೊಂದಿಗೆ ಬೆರೆತಿರಬಹುದೇ? ಅದನ್ನು ಕಂಡುಹಿಡಿಯುವುದು ಹೇಗೆ?

ಉತ್ತರ – ಜೀನೋಮ್ ದತ್ತಾಂಶ ವಿಶ್ಲೇಷಕ, ಹೈದರಾಬಾದ್

ಬೆರಕೆಯಾಗಿದ್ದರೆ ಮೂರು ಪ್ರತಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಆಗುವುದು ಕಷ್ಟ. ಅಲ್ಲದೆ ಬೆರಕೆಯಿಂದ ಹೊಸ ಜೀನ್‌ಗಳು ಬಂದು ಸೇರುತ್ತವೆಯೇ ಹೊರತು ನಿಮ್ಮ ಕೋಶದ ಕೆರಾಟಿನ್ ಮಾಯವಾಗುವುದಿಲ್ಲ. ಆದ್ದರಿಂದ ಈ ಕೋಶಗಳು ನಿಜವಾಗಿಯೂ ಸ್ತನದ ಕೋಶಗಳೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ಅದಕ್ಕೆ ಹೊಸ ಪ್ರಯೋಗ ಬೇಕಾಗಿಲ್ಲ, ನಿಮ್ಮ ಕೈಯಲ್ಲಿರುವ, ಸೀಕ್ವೆನ್ಸಿಂಗ್ ರೀಡ್‌ಗಳನ್ನು ಜೀನೋಮಿಗೆ ಹೊಂದಿಸಿಟ್ಟ ಬ್ಯಾಮ್ ಫೈಲ್‌ಗಳೇ ಸಾಕು.

ಐಜಿವಿ ತಂತ್ರಾಂಶದಲ್ಲಿ ಫೈಲನ್ನು ತೆರೆದು, ಮಾನವ ಜೀನೋಮಿನ ಜಿಆರ್‌ಸಿಎಚ್38 ಆವೃತ್ತಿಯಲ್ಲಿ 7ನೇ ವರ್ಣತಂತುವಿನ 140753336ನೇ ಸ್ಥಾನಕ್ಕೆ ಹೋಗಿ. ಅದು ಬಿ-ರಾಫ್ ಜೀನಿನ 600ನೇ ಕೋಡಾನ್. ಈ ಜೀನ್ ಹಿಮ್ಮುಖ ಎಳೆಯ ಮೇಲಿರುವುದರಿಂದ, ಪುಸ್ತಕಗಳಲ್ಲಿ ಟಿ ಹೋಗಿ ಎ ಬಂದಿದೆ ಎಂದು ಬರೆದಿರುವ ವಿ600ಇ ಮ್ಯುಟೇಶನ್ ನಿಮ್ಮ ಪರದೆಯ ಮೇಲೆ ಎ ಹೋಗಿ ಟಿ ಬಂದಂತೆ ಕಾಣುತ್ತದೆ. ಇದನ್ನು ಮರೆತು ಮ್ಯುಟೇಶನ್ ಇಲ್ಲವೆಂದುಕೊಳ್ಳುವವರಿದ್ದಾರೆ. ಈ ಮ್ಯುಟೇಶನ್ ಮೆಲನೋಮಾಗಳಲ್ಲಿ (ಬಣ್ಣದ ಕೋಶಗಳ ಕ್ಯಾನ್ಸರ್) ಸುಮಾರು ಅರ್ಧದಷ್ಟರಲ್ಲಿ ಇರುತ್ತದೆ, ಸ್ತನ ಕ್ಯಾನ್ಸರಿನಲ್ಲಿ ಅತಿ ವಿರಳ.

ಜೊತೆಯಲ್ಲಿ ಉಳಿದೆರಡು ಲೈನ್‌ಗಳನ್ನೂ ಇದೇ ರೀತಿ ಪರೀಕ್ಷಿಸಿ, ಏಕೆಂದರೆ ಒಂದು ವಯಲ್ ಕೆಟ್ಟಿದ್ದರೆ ಪಕ್ಕದ ವಯಲ್ ಸರಿಯಿದೆ ಎಂದು ನಂಬಲು ಆಧಾರ ಬೇಕು. ಎಂಸಿಎಫ್-7ರಲ್ಲಿ ಪಿಐಕೆ3ಸಿಎ ಜೀನಿನ ಇ545ಕೆ ಕಾಣಬೇಕು, ಟಿಪಿ53 ಸಹಜವಾಗಿರಬೇಕು. 231ರಲ್ಲಿ ಕೆ-ರಾಸ್ ಜಿ13ಡಿ, ಟಿಪಿ53 ಆರ್280ಕೆ ಮತ್ತು ಬಿ-ರಾಫ್ ಜಿ464ವಿ ಮೂರೂ ಕಾಣಬೇಕು. 231ರಲ್ಲಿಯೂ ಬಿ-ರಾಫ್ ಮ್ಯುಟೇಶನ್ ಇದೆಯೆಂಬ ಕಾರಣಕ್ಕೆ ಗೊಂದಲ ಬೇಡ. ಸ್ಥಾನ ಬೇರೆ, ಅದರ ಪರಿಣಾಮವೂ ಬೇರೆ.

ಸಾಕ್ಸ್10 ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ, ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಎಚ್‌ಇಆರ್2 ಕೂಡ ಇಲ್ಲದ) ಸ್ತನ ಗೆಡ್ಡೆಗಳಲ್ಲಿಯೂ ಅದು ವ್ಯಕ್ತವಾಗುವುದುಂಟು. ಎಂಎಲ್‌ಎಎನ್‌ಎ, ಟೈರೊಸಿನೇಸ್ ಮತ್ತು ಎಂಐಟಿಎಫ್ ಒಟ್ಟಾಗಿ ಕಾಣುವುದೇ ಇಲ್ಲಿ ಮುಖ್ಯವಾದ ಸುಳಿವು.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಎಂಸಿಎಫ್-7 ಮತ್ತು 231 ಎರಡರಲ್ಲಿಯೂ ತಾವು ಹೇಳಿದ ಮ್ಯುಟೇಶನ್‌ಗಳು ಸರಿಯಾಗಿ ಕಂಡವು. 435ರ ಮೊದಲ ಪ್ರತಿಯಲ್ಲಿ ಆ ಸ್ಥಾನವನ್ನು ಆವರಿಸುವ 92 ರೀಡ್‌ಗಳಲ್ಲಿ 57 ಟಿ ತೋರಿಸುತ್ತಿವೆ, ಉಳಿದ ಎರಡು ಪ್ರತಿಗಳಲ್ಲಿಯೂ ಹೆಚ್ಚುಕಡಿಮೆ ಅದೇ ಪ್ರಮಾಣ. ಹಾಗಾದರೆ ನಮ್ಮ ವಯಲ್‌ನಲ್ಲಿ ಯಾರೋ ತಪ್ಪು ಕೋಶಗಳನ್ನು ತುಂಬಿ 435 ಎಂದು ಬರೆದಿದ್ದಾರೆಯೇ?

ಉತ್ತರ – ಕೋಶ ಸಾಕಣೆ ಪ್ರಯೋಗಾಲಯ, ಮಣಿಪಾಲ

ನಿಮ್ಮ ವಯಲ್ ತುಂಬಿದವರ ತಪ್ಪು ಇದರಲ್ಲಿಲ್ಲ. ಅವರು 435 ಎಂದು ಬರೆದದ್ದು ಸರಿಯೇ. ಜಗತ್ತಿನಾದ್ಯಂತ 435 ಎಂಬ ಹೆಸರಿನಲ್ಲಿ ಓಡಾಡುತ್ತಿರುವ ಕೋಶಗಳೇ ಮೆಲನೋಮಾ ಕೋಶಗಳು. ನೀವು ಕಂಡದ್ದನ್ನು ನಿಮಗಿಂತ ಮೊದಲು ಅನೇಕರು ಕಂಡು ಇದೇ ರೀತಿ ಗಾಬರಿಯಾಗಿದ್ದಾರೆ.

ನಡೆದದ್ದು ಹೀಗೆ. 1976ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ, ಸ್ತನ ಕ್ಯಾನ್ಸರ್ ಹರಡಿದ್ದ 31 ವರ್ಷದ ಮಹಿಳೆಯೊಬ್ಬರ ಎದೆಗೂಡಿನಲ್ಲಿ ತುಂಬಿದ್ದ ನೀರಿನಿಂದ ಎಂಡಿಎ-ಎಂಬಿ-435 ಅನ್ನು ಬೆಳೆಸಲಾಯಿತು. ಇಲಿಗಳ ಸ್ತನದ ಕೊಬ್ಬಿನ ಪದರಕ್ಕೆ ಚುಚ್ಚಿದರೆ ಅದು ಶ್ವಾಸಕೋಶಕ್ಕೆ ತಾನಾಗಿ ಹರಡುತ್ತಿತ್ತು. ಸ್ತನ ಕ್ಯಾನ್ಸರಿನ ಮಾನವ ಸೆಲ್ ಲೈನ್‌ಗಳಲ್ಲಿ ಈ ಗುಣ ಅಪರೂಪವಾದ್ದರಿಂದ ಮೆಟಾಸ್ಟಾಸಿಸ್ ಅಧ್ಯಯನ ಮಾಡುವವರೆಲ್ಲ ಇದನ್ನೇ ಬಳಸತೊಡಗಿದರು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ 60 ಸೆಲ್ ಲೈನ್‌ಗಳ ಜೀನ್ ಅಭಿವ್ಯಕ್ತಿಯನ್ನು ಒಟ್ಟಿಗೆ ಅಳೆದಾಗ, ಸ್ತನದ ಗುಂಪಿನಲ್ಲಿ ಇರಬೇಕಾದ ಇದು ಮೆಲನೋಮಾಗಳ ಗುಂಪಿನೊಳಗೆ ಹೋಗಿ ಕುಳಿತಿತ್ತು. 2007ರ ಹೊತ್ತಿಗೆ, ಲಾಸ್ ಏಂಜಲೀಸ್‌ನಲ್ಲಿ ಪುರುಷನೊಬ್ಬನ ಮೆಲನೋಮಾದಿಂದ ಬೆಳೆಸಿದ್ದ ಎಂ14 ಎಂಬ ಲೈನ್ ಮತ್ತು 435 ಎರಡೂ ಜೀನ್ ಮಟ್ಟದಲ್ಲಿ ಒಂದೇ ಎಂಬುದು ಖಚಿತವಾಯಿತು.

ಅಷ್ಟಕ್ಕೇ ವಾದ ನಿಲ್ಲಲಿಲ್ಲ. ಎರಡೂ ಒಂದೇ ಎಂದಾದರೆ, ಎಂ14 ಎಂಬುದೇ ಆ ಮಹಿಳೆಯ ಕೋಶವಾಗಿರಬಾರದೇಕೆ, ಈ ಕೋಶಗಳಲ್ಲಿ ವೈ ವರ್ಣತಂತು ಇಲ್ಲವಲ್ಲ ಎಂದು ಕೆಲವರು ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಕ್ಕಿದ್ದು 2018ರಲ್ಲಿ. ಎಂ14ರ ಮೂಲ ರೋಗಿಯ ರಕ್ತದ ಸೀರಂ ಮತ್ತು ಅವನದೇ ಬಿಳಿ ರಕ್ತಕಣಗಳಿಂದ ಬೆಳೆಸಿದ್ದ ಕೋಶಗಳು ಉಳಿದುಕೊಂಡಿದ್ದವು. ಅವುಗಳೊಂದಿಗೆ ಹೋಲಿಸಿ ನೋಡಿದಾಗ ಎಂ14 ಆ ಪುರುಷನದೇ ಎಂದು ಸಾಬೀತಾಯಿತು. ವೈ ವರ್ಣತಂತು ಸಾಕಣೆಯಲ್ಲಿ ಬಿದ್ದುಹೋಗಿತ್ತು, ಇದು ಕ್ಯಾನ್ಸರ್ ಕೋಶಗಳಲ್ಲಿ ಸಾಮಾನ್ಯ ಸಂಗತಿ. ಕೋಶದ ಮೂಲವನ್ನು ವೈ ವರ್ಣತಂತುವಿನಿಂದ ಗುರುತಿಸಲು ಹೊರಡಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕಾಗಿಯೇ. ಆ ಮಹಿಳೆಯ ಕೋಶಗಳು ಎಂದೋ ಒಂದು ದಿನ ಕೋಶ ಸಾಕಣೆಯ ಯಾವುದೋ ಹುಡ್‌ನಲ್ಲಿ ಎಂ14ರ ಅಡಿ ಸಿಕ್ಕಿ ಅಳಿದುಹೋದವು. ಇದನ್ನು ನೆನೆದಾಗ ನನಗೆ ಇಂದಿಗೂ ನೋವಾಗುತ್ತದೆ.

ಬಣ್ಣವಿಲ್ಲದಿರುವುದು ಪ್ರತಿಸಾಕ್ಷ್ಯವಲ್ಲ, ಸಾಕಣೆಯಲ್ಲಿ ಬಣ್ಣ ಕಟ್ಟದ ಮೆಲನೋಮಾಗಳು ಬೇಕಾದಷ್ಟಿವೆ. ಮೇಜಿನ ಮೇಲೆ ಒಂದು ಸರಳ ಪರೀಕ್ಷೆ ಬೇಕಿದ್ದರೆ ವೆಮುರಾಫೆನಿಬ್ (ಬಿ-ರಾಫ್ ವಿ600ಇ ತಡೆಯುವ ಔಷಧ) ಹಾಕಿ, ಬಿ-ರಾಫ್ ಸಂಕೇತ ನಡೆಯುತ್ತಿದೆಯೇ ಎಂದು ತೋರಿಸುವ ಫಾಸ್ಫೋ-ಇಆರ್‌ಕೆ ಬ್ಲಾಟ್ ಮಾಡಿ: ವಿ600ಇ ಇರುವ ಕೋಶದಲ್ಲಿ ಅದು ಬಿದ್ದುಹೋಗುತ್ತದೆ, ಕೆ-ರಾಸ್ ಮ್ಯುಟೇಶನ್ ಇರುವ 231ರಲ್ಲಿ ಬೀಳುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಆದರೆ ಅಧಿಕೃತವಾದ ಉತ್ತರ ಎಸ್‌ಟಿಆರ್ (ಕೋಶದ ಡಿಎನ್‌ಎ ಗುರುತು) ಪರೀಕ್ಷೆಯಿಂದಲೇ ಬರಬೇಕು. ಫಲಿತಾಂಶವನ್ನು ಸೆಲ್ಲೊಸಾರಸ್ ದತ್ತಕೋಶದಲ್ಲಿ ಹೋಲಿಸಿ; ಶೇ. 80 ಅಥವಾ ಅದಕ್ಕಿಂತ ಹೆಚ್ಚು ಹೊಂದಿದರೆ ಒಂದೇ ಮೂಲವೆಂದು ಪರಿಗಣಿಸುತ್ತಾರೆ.

ಪ್ರಶ್ನೆ ಕೇಳಿದವರು

ಎಸ್‌ಟಿಆರ್ ವರದಿ ಬಂದಿದೆ. ಎಂ14ಕ್ಕೆ ಶೇ. 80ರ ಮಿತಿಗಿಂತ ಬಹಳ ಮೇಲೆಯೇ ಹೊಂದುತ್ತದೆ. ಈಗ ನನ್ನ ಚಿಂತೆ ಬೇರೆ. ಝೆಬ್2 ಮತ್ತು ಸ್ಲಗ್ ಕುರಿತು ಬರೆದಿರುವ ಅಧ್ಯಾಯವನ್ನು ಪೂರ್ತಿ ಬಿಡಬೇಕೇ? ಮತ್ತು 435 ಅನ್ನು ತೆಗೆದು, ಎಂಸಿಎಫ್-7 ಹಾಗೂ 231ರ ಹೋಲಿಕೆಯನ್ನು ಮಾತ್ರ ಉಳಿಸಿಕೊಂಡರೆ ಪ್ರಬಂಧ ನಿಲ್ಲುತ್ತದೆಯೇ?

ಉತ್ತರ – ಕೋಶ ಸಾಕಣೆ ಪ್ರಯೋಗಾಲಯ, ಮಣಿಪಾಲ

ಎರಡಕ್ಕೂ ನೇರವಾಗಿ ಉತ್ತರಿಸುತ್ತೇನೆ, ಕಹಿಯೆನಿಸಿದರೆ ಕ್ಷಮಿಸಿ.

ಆ ಅಧ್ಯಾಯವನ್ನು ಬಿಡಬೇಕು. ಮೆಲನೊಸೈಟ್‌ಗಳು ಭ್ರೂಣದ ನ್ಯೂರಲ್ ಕ್ರೆಸ್ಟ್‌ನಿಂದ ಹುಟ್ಟುವ ಕೋಶಗಳು; ಸ್ತನದ ನಾಳದ ಎಪಿಥೀಲಿಯಮ್ಮಿಗೂ ಅವುಗಳಿಗೂ ವಂಶವೇ ಬೇರೆ. ವಿಮೆಂಟಿನ್ ಇರುವುದು, ಕೆರಾಟಿನ್ ಇಲ್ಲದಿರುವುದು, ಸ್ಲಗ್ ಮತ್ತು ಝೆಬ್2 ವ್ಯಕ್ತವಾಗುವುದು ಆ ವಂಶದ ಸಹಜ ಗುಣ. ನಿಮ್ಮ ಕೋಶ ಎಪಿಥೀಲಿಯಲ್ ಗುಣವನ್ನು ಕಳೆದುಕೊಂಡಿಲ್ಲ, ಅದಕ್ಕೆ ಆ ಗುಣ ಇದ್ದೇ ಇರಲಿಲ್ಲ. ಮೆಲನೋಮಾದಲ್ಲಿ ರೋಗ ಕೆಡುತ್ತ ಹೋದಂತೆ ಝೆಬ್2 ಮತ್ತು ಸ್ಲಗ್ ತಗ್ಗಿ ಝೆಬ್1 ಮತ್ತು ಟ್ವಿಸ್ಟ್1 ಮೇಲೇರುತ್ತವೆ ಎಂದು 2013ರಲ್ಲಿಯೇ ತೋರಿಸಲಾಗಿದೆ. ಝೆಬ್2 ತಗ್ಗಿಸಿದರೂ ನಿಮ್ಮ ಕೋಶಗಳು ಮ್ಯಾಟ್ರಿಜೆಲ್ ದಾಟುವುದನ್ನು ನಿಲ್ಲಿಸದಿದ್ದುದಕ್ಕೆ ಕಾರಣ ಇಲ್ಲಿಯೇ ಇರಬಹುದು. ನಿಮ್ಮ ಪ್ರಯೋಗ ಸರಿಯಾಗಿಯೇ ನಡೆದಿದೆ. ಕೋಶದ ಹೆಸರು ತಪ್ಪಾಗಿತ್ತು.

ಹಾಗೆಂದು 435ರಲ್ಲಿ ಕಂಡದ್ದೆಲ್ಲ ಸುಳ್ಳೆಂದು ತಿಳಿಯಬೇಡಿ. ಬಿಆರ್‌ಎಂಎಸ್1 ಎಂಬ ಜೀನಿಗೆ ‘ಸ್ತನ ಕ್ಯಾನ್ಸರ್ ಮೆಟಾಸ್ಟಾಸಿಸ್ ನಿರೋಧಕ 1’ ಎಂಬರ್ಥದ ಹೆಸರು ಬಂದದ್ದು, 11ನೇ ವರ್ಣತಂತುವನ್ನು 435ಕ್ಕೆ ಸೇರಿಸಿದಾಗ ಅದರ ಹರಡುವ ಶಕ್ತಿ ಕುಗ್ಗಿದ್ದರಿಂದ. ಆದರೆ 2000ದಲ್ಲಿ ಅದನ್ನು ವರದಿ ಮಾಡಿದವರು 231ರಲ್ಲಿಯೂ ಅದೇ ಪರೀಕ್ಷೆ ಮಾಡಿದ್ದರು, ಆದ್ದರಿಂದ ಆ ಜೀನಿನ ಕಥೆ 435ರೊಂದಿಗೆ ಮುಗಿಯಲಿಲ್ಲ. ಹಳೆಯ ಪ್ರಬಂಧವನ್ನು ಉದ್ಧರಿಸುವ ಮೊದಲು, ಆ ಮಾತಿಗೆ 435 ಬಿಟ್ಟು ಬೇರೆ ಆಧಾರವಿದೆಯೇ ಎಂದು ನೋಡಿಕೊಳ್ಳಿ.

ಇನ್ನು ಎರಡನೆಯ ಪ್ರಶ್ನೆ. ನಿಮ್ಮ ಹೋಲಿಕೆಯಲ್ಲಿ 435ಕ್ಕಿಂತ ದೊಡ್ಡ ದೋಷವೊಂದಿದೆ. ಎಂಸಿಎಫ್-7 ಅನ್ನು ಹರಡದ ಮಾದರಿ ಎಂದಿದ್ದೀರಿ. ಅದು ಕೂಡ 69 ವರ್ಷದ ರೋಗಿಯೊಬ್ಬರ ಎದೆಗೂಡಿನ ನೀರಿನಿಂದಲೇ ಬಂದದ್ದು. ಅಂದರೆ ಅವರ ಕ್ಯಾನ್ಸರ್ ಆಗಲೇ ಹರಡಿತ್ತು. 231, ಟಿ47ಡಿ, ಎಸ್‌ಕೆ-ಬಿಆರ್-3 ಇವುಗಳ ಮೂಲವೂ ಅದೇ. ಇಲಿಯಲ್ಲಿ ಎಂಸಿಎಫ್-7 ಮಂದವಾಗಿರುವುದಕ್ಕೆ ಮುಖ್ಯ ಕಾರಣ, ಅದು ಬೆಳೆಯಲು ಈಸ್ಟ್ರೋಜೆನ್ ಬೇಕು. ಹೀಗಾಗಿ ಎಂಸಿಎಫ್-7 ಮತ್ತು 231ರ ನಡುವೆ ನೀವು ಕಾಣುವ ಸಾವಿರಾರು ಜೀನ್‌ಗಳ ವ್ಯತ್ಯಾಸ ಬಹುಮಟ್ಟಿಗೆ ಲುಮಿನಲ್ (ಈಸ್ಟ್ರೋಜೆನ್ ಗ್ರಾಹಕವಿರುವ) ಮತ್ತು ಟ್ರಿಪಲ್ ನೆಗೆಟಿವ್ ಎಂಬ ಎರಡು ಬಗೆಯ ರೋಗಗಳ ವ್ಯತ್ಯಾಸ. ಅದನ್ನು ಮೆಟಾಸ್ಟಾಸಿಸ್ ಎಂದು ಓದಲಾಗದು.

ಉತ್ತರ – ಜೀನೋಮ್ ದತ್ತಾಂಶ ವಿಶ್ಲೇಷಕ, ಹೈದರಾಬಾದ್

ಮೇಲಿನ ಮಾತಿಗೆ ಒಂದು ದಾರಿಯನ್ನು ಸೇರಿಸುತ್ತೇನೆ. ಬೆಳವಣಿಗೆಯ ಚಾಲಕ ಮತ್ತು ಹರಡುವಿಕೆಯ ಚಾಲಕ ಎಂಬ ಎರಡು ಪ್ರಶ್ನೆಗಳನ್ನು ನೀವು ಬೇರ್ಪಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ.

ಬೆಳವಣಿಗೆಯ ಪ್ರಶ್ನೆಗೆ ಮ್ಯುಟೇಶನ್‌ಗಳೇ ಉತ್ತರ ಕೊಡುತ್ತವೆ. 2012ರಲ್ಲಿ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಯೋಜನೆ ಮೂಲ ಸ್ತನ ಗೆಡ್ಡೆಗಳನ್ನು ಓದಿದಾಗ, ಎಲ್ಲ ಬಗೆಗಳನ್ನೂ ಸೇರಿಸಿ ಶೇ. 10ಕ್ಕಿಂತ ಹೆಚ್ಚು ಗೆಡ್ಡೆಗಳಲ್ಲಿ ಮ್ಯುಟೇಶನ್ ಕಂಡದ್ದು ಟಿಪಿ53, ಪಿಐಕೆ3ಸಿಎ ಮತ್ತು ಗಾಟಾ3 ಎಂಬ ಮೂರೇ ಜೀನ್‌ಗಳಲ್ಲಿ. ಎಚ್‌ಇಆರ್2 ಜೀನ್ ಮ್ಯುಟೇಶನ್‌ನಿಂದಲ್ಲ, ಮುಖ್ಯವಾಗಿ ಅದರ ಪ್ರತಿಗಳು ಹೆಚ್ಚುವುದರಿಂದ ಚಾಲಕವಾಗುತ್ತದೆ. ಹರಡಿದ ಗೆಡ್ಡೆಗಳಲ್ಲಿ ಬಹುಪಾಲು ಇವೇ ಮುಂದುವರಿಯುತ್ತವೆ. ಹರಡಲೆಂದೇ ಮೀಸಲಾದ ಮ್ಯುಟೇಶನ್ ಇದೆ ಎಂದು ಹುಡುಕಿದವರಿಗೆ ಹೆಚ್ಚಾಗಿ ನಿರಾಸೆಯಾಗಿದೆ. ಇಎಸ್‌ಆರ್1 (ಈಸ್ಟ್ರೋಜೆನ್ ಗ್ರಾಹಕ) ಜೀನಿನ 537 ಮತ್ತು 538ನೇ ಕೋಡಾನ್‌ಗಳ ಮ್ಯುಟೇಶನ್‌ಗಳು ಮೂಲ ಗೆಡ್ಡೆಯಲ್ಲಿ ವಿರಳವಾಗಿದ್ದು ಹರಡಿದ ಗೆಡ್ಡೆಯಲ್ಲಿ ಹೆಚ್ಚಾಗಿ ಕಾಣುತ್ತವೆ, ನಿಜ. ಆದರೆ ಅವು ಅರೊಮಟೇಸ್ ಪ್ರತಿಬಂಧಕಗಳ (ಈಸ್ಟ್ರೋಜೆನ್ ತಯಾರಿಕೆ ತಡೆಯುವ ಔಷಧಗಳು) ಒತ್ತಡದಡಿ ಆಯ್ಕೆಯಾಗಿ ಬಂದಂಥವು. ಅವನ್ನು ನಾನು ಮೊದಲಿಗೆ ಔಷಧ ನಿರೋಧದ ಲೆಕ್ಕಕ್ಕೆ ಹಾಕುತ್ತೇನೆ.

ಹರಡುವಿಕೆಯ ಪ್ರಶ್ನೆಗೆ ಒಬ್ಬರೇ ರೋಗಿಯ ಕೋಶಗಳನ್ನು ತಮ್ಮ ತಮ್ಮಲ್ಲೇ ಹೋಲಿಸುವ ವಿನ್ಯಾಸ ಬೇಕು. ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಹುವಾನ್ ಮಸಾಗೆ ಅವರ ಗುಂಪು ಮಾಡಿದ್ದು ಇದನ್ನೇ. 231 ಅನ್ನು ಇಲಿಗಳಿಗೆ ಚುಚ್ಚಿ, ಮೂಳೆಗೆ ಹೋದದ್ದನ್ನು, ಶ್ವಾಸಕೋಶಕ್ಕೆ ಹೋದದ್ದನ್ನು ಬೇರೆ ಬೇರೆಯಾಗಿ ಹೆಕ್ಕಿ ಬೆಳೆಸಿದರು. 2003ರ ಮೂಳೆಯ ಅಧ್ಯಯನದಲ್ಲಿ ಐಎಲ್11, ಸಿಎಕ್ಸ್‌ಸಿಆರ್4, ಸಿಟಿಜಿಎಫ್ ಮತ್ತು ಆಸ್ಟಿಯೊಪಾಂಟಿನ್ ಮೇಲೆ ಬಂದವು. 2005ರ ಶ್ವಾಸಕೋಶದ ಅಧ್ಯಯನದಲ್ಲಿ ಎಪಿರೆಗ್ಯುಲಿನ್, ಕಾಕ್ಸ್-2, ಎಂಎಂಪಿ1 ಮುಂತಾದ ಬೇರೆಯೇ ಗುಂಪು. ಒಂದೊಂದು ಜೀನ್ ತಾನೇ ಸಾಲದೆ, ಕೆಲವು ಸೇರಿದಾಗ ಮಾತ್ರ ಹರಡುವಿಕೆ ಹೆಚ್ಚುವುದು ಈ ಅಧ್ಯಯನಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಅಂಶ. ಪೋಷಕ ಲೈನ್ ಮತ್ತು ಅದರ ಸಂತತಿಗಳ ಅಭಿವ್ಯಕ್ತಿ ದತ್ತಾಂಶ ಸಾರ್ವಜನಿಕವಾಗಿ ಲಭ್ಯವಿದೆ. ನಿಮ್ಮ 231ರ ಮೂರು ಪ್ರತಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಆದರೆ ಇದು ಕೊನೆಗೂ ಒಬ್ಬ ಮಹಿಳೆಯ ಕೋಶಗಳೆಂಬುದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು

ನಿನ್ನೆ ಮಾರ್ಗದರ್ಶಕರೊಂದಿಗೆ ಕುಳಿತು ಎಲ್ಲವನ್ನೂ ತೋರಿಸಿದೆ. 435ರ ದತ್ತಾಂಶವನ್ನು ಅಳಿಸದೆ, ಎಂ14 ಎಂದು ಹೆಸರು ಬದಲಿಸಿ, ಎಸ್‌ಟಿಆರ್ ವರದಿಯೊಂದಿಗೆ ಪ್ರತ್ಯೇಕವಾಗಿ ಇಡಲು ಒಪ್ಪಿದರು. ನಮ್ಮ ಮಹಡಿಯಲ್ಲಿ ಇನ್ನೂ ಎರಡು ಪ್ರಯೋಗಾಲಯಗಳ ಬಳಿ ಇದೇ ವಯಲ್‌ನ ಪ್ರತಿಗಳಿದ್ದವು, ಅವರಿಗೂ ತಿಳಿಸಿದ್ದೇನೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಹೊಸ 231 ತರಿಸಲು ಅರ್ಜಿ ಬರೆದಾಗಿದೆ. ಅಲ್ಲಿಯವರೆಗೆ 2003 ಮತ್ತು 2005ರ ದತ್ತಾಂಶವನ್ನು ಇಳಿಸಿಕೊಂಡು ಓದುತ್ತಿರುತ್ತೇನೆ. ಒಂದೇ ಒಂದು ಸಂದೇಹ ಉಳಿದಿದೆ: ಹೊಸ ಕೋಶಗಳು ಬಂದ ಮೇಲೆ ಎಸ್‌ಟಿಆರ್ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು?

ಉತ್ತರ – ಕೋಶ ಸಾಕಣೆ ಪ್ರಯೋಗಾಲಯ, ಮಣಿಪಾಲ

ಬಂದ ಕೂಡಲೇ ಒಮ್ಮೆ, ನಿಮ್ಮದೇ ವಯಲ್‌ಗಳನ್ನು ತುಂಬಿ ಫ್ರೀಜ್ ಮಾಡುವಾಗ ಒಮ್ಮೆ, ಮತ್ತು ಪ್ರಬಂಧ ಕಳುಹಿಸುವ ಮುನ್ನ ಪ್ರಯೋಗದಲ್ಲಿ ಬಳಸಿದ ಫ್ಲಾಸ್ಕ್‌ನಿಂದಲೇ ಒಮ್ಮೆ. ಹುಡ್‌ನಲ್ಲಿ ಒಂದು ಸಲಕ್ಕೆ ಒಂದೇ ಲೈನ್ ಇರಲಿ, ಪ್ರತಿ ಲೈನಿಗೂ ಬೇರೆ ಮೀಡಿಯಾ ಬಾಟಲಿ ಇರಲಿ. ವಯಲ್‌ನ ಮೇಲೆ ಪಾಸೇಜ್ ಸಂಖ್ಯೆ (ಎಷ್ಟು ಬಾರಿ ಹೊಸ ಫ್ಲಾಸ್ಕ್‌ಗೆ ವರ್ಗಾಯಿಸಿದೆ ಎಂಬುದು), ದಿನಾಂಕ ಮತ್ತು ತುಂಬಿದವರ ಹೆಸರನ್ನು ನೈಟ್ರೋಜನ್‌ನಲ್ಲಿ ಅಳಿಸಿಹೋಗದ ಪೆನ್ನಿನಿಂದಲೇ ಬರೆಯಿರಿ.